ಹಿಂದಿನ ಸೀಟಿನ ಗಂಟೆ

ನನ್ನ ಸೋದರಮಾವ ಕಾರುಗಳ ಮಾತನ್ನು ಎಷ್ಟು ಶ್ರದ್ಧೆಯಿಂದ ಕೇಳುತ್ತಾರೆಂದರೆ, ಅದರಲ್ಲಿ ಕಾಲು ಭಾಗ ಮನುಷ್ಯರ ಮಾತು ಕೇಳಿದ್ದರೂ ಇಷ್ಟು ಹೊತ್ತಿಗೆ ನಗರಸಭೆಗೆ ಆರಿಸಿ ಬಂದಿರುತ್ತಿದ್ದರು!

ಮನೆ ಹರಿಹರದಲ್ಲಿ. ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ವಾಹನಗಳ ವೈರಿಂಗ್ ಅಂಗಡಿ. ಹೊಸ ಕಾರಿಗೆ ಹಾರ್ನೋ ಫಾಗ್ ಲ್ಯಾಂಪೋ ಹಾಕಿಸಲು ಯಾರೇ ಬರಲಿ, ಅವರನ್ನು ಹೊರಗೆ ನಿಲ್ಲಿಸಿ, ತಾವು ಕಾರಿನೊಳಗೆ ಹತ್ತು ನಿಮಿಷ ಸುಮ್ಮನೆ ಕೂರುತ್ತಾರೆ. ಮಾಯಕೊಂಡದ ಗಿರಾಕಿಯೊಬ್ಬರು ತಡೆಯಲಾರದೆ ಕೇಳಿದರು:

“ಏನ್ರಿ, ಧ್ಯಾನ ಮಾಡ್ತೀರೋ, ಕೆಲಸ ಮಾಡ್ತೀರೋ?”

“ತಂತಿ ಕಡಿದು ಟೇಪ್ ಸುತ್ತಾಕೆ ಇದೇನು ಹಳೇ ಜೀಪಲ್ಲ. ಕೂಡು ಕುಟುಂಬ ಐತೆ. ಒಳಗೆ ಸಣ್ಣ ಸಣ್ಣ ಕಂಪ್ಯೂಟರ್ ಡಬ್ಬಿ ಅದಾವೆ. ‘ನಾನಿದೀನಿ, ನಾನಿದೀನಿ’ ಅಂತ ಒಂದಕ್ಕೊಂದು ಹೇಳ್ಕೊಂತ ಇರ್ತಾವೆ. ಒಂದು ಸುಮ್ನಾತು ಅಂದ್ರೆ ಉಳಿದವಕ್ಕೆಲ್ಲ ಗಾಬರಿ.”

“ನಂಗೊಂದು ಹಾರ್ನ್ ಸಾಕ್ರಿ.”

ಇಂಥ ಜ್ಞಾನಿ ಎಡವಿದ್ದು ಸ್ವಂತ ಕಾರಿನಲ್ಲಿ.

ಹೋದ ವರ್ಷ ಗಂಟಲಿನ ಆಪರೇಷನ್ ಆಗಿ ಅತ್ತೆಯ ದನಿ ಹೋಯಿತು. ವಾರಕ್ಕೊಮ್ಮೆ ದಾವಣಗೆರೆಯ ಆಸ್ಪತ್ರೆಗೆ ಹೋಗಬೇಕು. ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಮಲಗುವ ಅವರಿಗೆ ದಾರಿಯಲ್ಲಿ ಉಸಿರು ಕಟ್ಟಿದಂತಾದರೆ ಮಾವನನ್ನು ಕರೆಯುವುದು ಹೇಗೆ? ಲಾರಿಗಳ ಸದ್ದಿನಲ್ಲಿ ಚಪ್ಪಾಳೆ ಕೇಳಿಸೀತೆ? ಒಮ್ಮೆ ಕೇಳಿಸಲೂ ಇಲ್ಲ. ಆಸ್ಪತ್ರೆ ತಲುಪಿದಾಗ ಅತ್ತೆ ಬೆವರಿನಲ್ಲಿ ತೊಯ್ದಿದ್ದರು.

ಅಂದೇ ಮಾವ ಅತ್ತೆಯ ಕೈಗೊಂದು ಸ್ವಿಚ್ಚು, ಸ್ಟೀರಿಂಗ್ ಪಕ್ಕಕ್ಕೊಂದು ಗಂಟೆ ಜೋಡಿಸಲು ಕೂತರು. ಅವಸರ ನೋಡಿ, ಕೈಗೆ ಸಿಕ್ಕ ತಂತಿಯನ್ನೇ ಕಡಿದು ಅದರಿಂದ ಗಂಟೆಗೆ ಕರೆಂಟು ತೆಗೆದರು. ಸ್ವಿಚ್ ಒತ್ತಿದರೆ ಗಂಟೆಯೊಂದು ಬಿಟ್ಟು ಉಳಿದದ್ದೆಲ್ಲ ನಡೆಯಿತು! ವೈಪರ್ ಒಣಗಾಜು ಒರೆಸತೊಡಗಿತು. ಎಚ್ಚರಿಕೆಯ ದೀಪಗಳೆಲ್ಲ ಹೊತ್ತಿಕೊಂಡವು. ಎಂಜಿನ್ ಮುಷ್ಕರ ಹೂಡಿತು. ಅಂಗಳದಲ್ಲಿ ನಿಂತಿದ್ದ ಅತ್ತೆ ಸ್ಲೇಟಿನಲ್ಲಿ ಬರೆದು ತೋರಿಸಿದರು: “ಹತ್ತು ನಿಮಿಷ ಕೂತಿದ್ರೇನು ಮೊದಲು?”

ಮರುದಿನ ಕಡಿದದ್ದನ್ನು ಕೂಡಿಸಿ, ಹತ್ತು ನಿಮಿಷವಲ್ಲ, ಒಂದು ತಾಸು ಕೂತರು. ಕಾರಿನ ಒಂದು ತಂತಿಯನ್ನೂ ಮುಟ್ಟದೆ, ಬ್ಯಾಟರಿಯಿಂದಲೇ ಬೇರೆ ತಂತಿ ಎಳೆದು, ಅದಕ್ಕೆ ಬೇರೆ ಫ್ಯೂಸ್ ಹಾಕಿದರು. ಗಂಟೆ ಟಣ್ ಎಂದಿತು. ಕಾರಿಗೆ ಸುದ್ದಿಯೇ ತಿಳಿಯಲಿಲ್ಲ. ಒಂದು ಸಲ ಬಾರಿಸಿದರೆ ನಿಲ್ಲಿಸು, ಎರಡು ಸಲವಾದರೆ ನಿಧಾನ ಎಂದು ಒಪ್ಪಂದವಾಯಿತು.

ಕಳೆದ ವಾರ ನಾನೂ ಜೊತೆಗಿದ್ದೆ. ಹರಿಹರ ದಾಟುತ್ತಲೇ ಗಂಟೆ ಎರಡು ಸಲ ಬಾರಿಸಿತು. ಮಾವ ವೇಗ ಇಳಿಸಿದರು. “ಮದುವೆಯಾದಾಗಿಂದ ಇದೊಂದೇ ಮಾತು ನೋಡು.”

ಸ್ವಲ್ಪ ದೂರ ಹೋದ ಮೇಲೆ ಮೂರು ಸಲ ಬಾರಿಸಿತು. ಗಾಬರಿಯಾಗಿ ತಿರುಗಿದೆ. ಅತ್ತೆ ಕಿಟಕಿಯಾಚೆ ಹೊಲ ನೋಡುತ್ತಿದ್ದರು. ಮಾವ ಕಾರು ನಿಲ್ಲಿಸಲಿಲ್ಲ. ಖಾಲಿ ರಸ್ತೆಯಲ್ಲಿ ಮೆಲ್ಲಗೆ ಒಮ್ಮೆ ಹಾರ್ನ್ ಒತ್ತಿದರು.

“ಮೂರು ಅಂದ್ರೆ ಏನು ಮಾವ?”

“ಏನಿಲ್ಲ. ಇದೀನಿ ಅಂತ.”