ನಾನು ಹೇಳಿದ ಒಂದೇ ಒಂದು ಜೋಕು

ಜೋಕು ಹೇಳುವವರನ್ನು ಕಂಡರೆ ನನಗೆ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕಮಲಾಪುರದ ಶಾಲೆಯಲ್ಲಿ ಮಕ್ಕಳಿಗೆ ಕನ್ನಡ ಕಲಿಸಿ ನಿವೃತ್ತಳಾದವಳು ನಾನು. ನನ್ನ ತರಗತಿಯಲ್ಲಿ ಹುಡುಗರು ಸೀನುವುದಕ್ಕೂ ನನ್ನ ಮುಖ ನೋಡುತ್ತಿದ್ದರು. ಮದುವೆಯ ಫೋಟೋದಲ್ಲಿ ಕೂಡ ನಾನು ಹಾಜರಿ ಕರೆಯಲು ಬಂದವಳ ಹಾಗೆ ನಿಂತಿದ್ದೇನೆ. ಅಂಥವಳ ಹೊಟ್ಟೆಯಲ್ಲಿ ಮಲ್ಲಿನಾಥ ಹುಟ್ಟಿದ. ಬಾಯಿ ತೆರೆದರೆ ಜೋಕು. ಇದು ಅವರಪ್ಪನ ಕಡೆಯಿಂದ ಬಂದದ್ದು. ಆ ಪುಣ್ಯಾತ್ಮರು ನಮ್ಮ ಮದುವೆಯಲ್ಲಿ ಅಕ್ಷತೆ ಬೀಳುವಾಗ, "ಅಕ್ಕಿ ತುಟ್ಟಿ ಅದಾವ, ನೋಡಿ ಒಗೀರಿ" ಎಂದು ಮಂತ್ರ ಹೇಳುವವರನ್ನೇ ನಗಿಸಿದವರು. ನಾನು ನಗಲಿಲ್ಲ. ಬದುಕಿರುವವರೆಗೂ ಅವರು ನನ್ನನ್ನು ನಗಿಸುವ ಪ್ರಯತ್ನ ಬಿಡಲಿಲ್ಲ, ಅದು ಬೇರೆ ಮಾತು.

ಮಲ್ಲುವಿಗೆ ಈಗ ನಲವತ್ತು ದಾಟಿದೆ. ಕಲಬುರಗಿಯ ಸ್ಟೇಶನ್ ಬಜಾರಿನಲ್ಲಿ ಗೆಳೆಯ ರಫೀಕನ ಜೊತೆ ಸೇರಿ ಮದುವೆ ಮುಂಜಿಗಳಿಗೆ ಮೈಕ್‌ಸೆಟ್ಟು ಬಾಡಿಗೆಗೆ ಕೊಡುತ್ತಾನೆ. ಹೋದ ವರ್ಷ ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿತು. ತೋರಿಸಿದರೆ, ಹೃದಯದ ವಾಲ್ವು ಕೆಟ್ಟಿದೆ, ಎದೆ ತೆರೆದು ಬೇರೆಯದು ಹಾಕಬೇಕು ಎಂದರು. ಮಗನಿಗೆ ಧೈರ್ಯ ತುಂಬುವುದು ತಾಯಿಯ ಕರ್ತವ್ಯವೆಂದು ನಾನು ಕಟಕ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಬಸ್ಸು ಹತ್ತಿ ಶಹಾಬಜಾರದ ಅವನ ಮನೆಗೆ ಬಂದೆ. ಆದರೆ ಧೈರ್ಯ ತುಂಬಿಸಿಕೊಳ್ಳುವವನು ಒಂದು ಗಳಿಗೆ ಬಾಯಿ ಮುಚ್ಚಬೇಕಲ್ಲ?

ಡಾಕ್ಟರು ನಮ್ಮನ್ನೆಲ್ಲ ಕೂರಿಸಿಕೊಂಡು, ಹೊಸ ವಾಲ್ವು ಗಡಿಯಾರದ ಹಾಗೆ ಟಿಕ್ ಟಿಕ್ ಎನ್ನಬಹುದು, ಹೆದರಬಾರದು ಎಂದು ಗಂಭೀರವಾಗಿ ವಿವರಿಸುತ್ತಿದ್ದರು. ಇವನು ಅಷ್ಟೇ ಗಂಭೀರವಾಗಿ, "ಸಾಹೇಬ್ರ, ಅದಕ್ಕ ಅಲಾರಂ ಇಡಾಕ ಬರ್ತದೇನ್ರಿ?" ಎಂದು ಕೇಳಿದ. ಡಾಕ್ಟರು ನಕ್ಕರು. ನನಗೆ ಎದ್ದು ಇಬ್ಬರನ್ನೂ ಬೆಂಚಿನ ಮೇಲೆ ನಿಲ್ಲಿಸಬೇಕೆನಿಸಿತು. ಕಮಲಾಪುರದಿಂದ ನಮ್ಮ ಶರಣಪ್ಪ ಕಾಕಾ ಕೆಂಪು ಬಾಳೆಹಣ್ಣಿನ ಗೊನೆ ಹೊತ್ತು ನೋಡಲು ಬಂದರು. ಮಂಚದ ಪಕ್ಕ ಕೂತು ಕಣ್ಣೊರೆಸಿಕೊಂಡರು. ಮಲ್ಲು ಅವರ ಬೆನ್ನು ಸವರಿ, "ಕಾಕಾ, ಅಳೂದಿದ್ರ ಹೇಳ್ರಿ, ಮೈಕ್ ಹಚ್ಚಿ ಕೊಡ್ತೀನಿ. ಮನಿ ಮಂದಿಗಿ ಬಾಡಗಿ ಇಲ್ಲ" ಎಂದ. ಕಾಕಾ ಅಳುವುದೋ ನಗುವುದೋ ತಿಳಿಯದೆ, ತಾವೇ ತಂದ ಹಣ್ಣನ್ನು ಸುಲಿದು ತಾವೇ ತಿಂದು ಹೋದರು.

ನನ್ನ ತಾಳ್ಮೆ ಹರಿದದ್ದು ಆಸ್ಪತ್ರೆಗೆ ಸೇರಿಸುವ ಹಿಂದಿನ ದಿನ. ರಫೀಕ್ ಬಂದಿದ್ದ. ಅಂಗಡಿಯ ಮಾತು ಮುಗಿದ ಮೇಲೆ ಮಲ್ಲು, "ರಫೀಕ್, ಹೆಚ್ಚುಕಮ್ಮಿ ಆದ್ರ ಹಾರ ಹಾಕೂ ಫೋಟೋ ನೀನ ಆರಿಸಪಾ. ಆಧಾರ್ ಕಾರ್ಡಿಂದು ಮಾತ್ರ ಬ್ಯಾಡ. ಅದರಾಗ ಈಗಾಗಲೇ ಸತ್ತಂಗ ಕಾಣ್ತೀನಿ" ಎಂದ. ರಫೀಕ್ ನಗಲು ಹೋಗಿ ನನ್ನ ಮುಖ ನೋಡಿ ಕೆಮ್ಮಿದ.

"ಬಾಯಿ ಮುಚ್ಚೋ!" ಎಂದು ನಾನು ಕೂಗಿದ್ದಕ್ಕೆ ಗಲ್ಲಿಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು. "ಎಲ್ಲಾದಕ್ಕೂ ಒಂದು ಹೊತ್ತು ಅನ್ನೂದು ಇರ್ತದ. ಇನ್ನೊಂದು ಜೋಕು ಹೇಳಿದಿ ಅಂದ್ರ ನಾ ಕಮಲಾಪುರದ ಬಸ್ ಹಿಡೀತೀನಿ ನೋಡು!"

"ಅಮ್ಮಾ, ಗುಸ್ಸಾ ಆಗಬ್ಯಾಡ್ರಿ," ಎಂದ ರಫೀಕ್. ಮಲ್ಲು ಗೋಡೆಯ ಕಡೆ ಹೊರಳಿದ. ನಾನು ಗೆದ್ದೆನೆಂದು ಅಡುಗೆಮನೆಗೆ ಹೋದರೆ ಸೊಸೆ ಸುವರ್ಣಾ ಒಲೆಯ ಮುಂದೆ ಸುಮ್ಮನೆ ನಿಂತಿದ್ದಳು. "ಅವ್ರಿಗಿ ಬೈಬ್ಯಾಡ್ರಿ ಅತ್ತಿ," ಎಂದಳು. "ಜೋಕು ಹೇಳೂತನಾ ನನಗ ಧೈರ್ಯ ಇರ್ತದ. ಅವ್ರು ಸುಮ್ಮನಾದ್ರ ಅಂಜಿಕಿ ಬರ್ತದ." ಈಗಿನ ಕಾಲದ ಹುಡುಗಿಯರಿಗೆ ಗಂಡನನ್ನು ತಿದ್ದಲು ಬರುವುದಿಲ್ಲ ಎಂದುಕೊಂಡೆ. ಅನ್ನಲಿಲ್ಲ, ಅಷ್ಟು ಪುಣ್ಯ.

ಆಪರೇಷನ್ನಿನ ದಿನ ಬೆಳಿಗ್ಗೆ ಅವನನ್ನು ಸ್ಟ್ರೆಚರಿನ ಮೇಲೆ ಮಲಗಿಸಿ ಹಸಿರು ಬಟ್ಟೆ ಹೊದಿಸಿದರು. ಮೀಸೆ, ಎದೆಯ ಕೂದಲು ಎಲ್ಲ ತೆಗೆದಿದ್ದರು. ಮೀಸೆ ಇಲ್ಲದ ಮುಖ ನನಗೆ ಅವನ ಹತ್ತನೇ ತರಗತಿಯ ಮುಖದ ಹಾಗೆ ಕಂಡಿತು. ನರ್ಸು ಹೆಸರು ಕೇಳಿದಳು, ಹೇಳಿದ. ವಯಸ್ಸು ಕೇಳಿದಳು, ಅದನ್ನೂ ಹೇಳಿದ. ಅದರಲ್ಲಿ ಒಂದು ಕೊಂಕು ಮಾತಿಲ್ಲ. ರಫೀಕ್ ಏನೋ ಕೆಣಕಿ ನೋಡಿದ. ಇವನು ಮೇಲಿನ ಫ್ಯಾನು ನೋಡುತ್ತಿದ್ದ. ಸುವರ್ಣಾ ನನ್ನ ಸೆರಗು ಹಿಡಿದುಕೊಂಡಳು. ಇಷ್ಟು ವರ್ಷ ನಾನು ದೇವರಲ್ಲಿ ಬೇಡಿಕೊಂಡದ್ದು ಇದನ್ನೇ, ಇವನ ಬಾಯಿ ಒಮ್ಮೆ ಮುಚ್ಚಲಿ ಎಂದು. ದೇವರು ಅದಕ್ಕೆ ಈ ಹೊತ್ತನ್ನೇ ಆರಿಸಿಕೊಳ್ಳಬೇಕೇ?

ಬಾಗಿಲ ಹತ್ತಿರ ಬಂದಾಗ ಅವನು ನನ್ನ ಕೈ ಹಿಡಿದ. ಕೈ ತಣ್ಣಗಿತ್ತು. "ಯವ್ವಾ, ಏನರೆ ಅನ್ನು ಬೇ," ಎಂದ.

ಏನು ಅನ್ನಲಿ? ತಂದ ಧೈರ್ಯದ ಮಾತೆಲ್ಲ ಎಲ್ಲೋ ಹೋಗಿಬಿಟ್ಟಿತ್ತು. ನಾಲಿಗೆಗೆ ಸಿಕ್ಕಿದ್ದು ಒಂದು ಹಳೆಯ ಬೈಗುಳ. ಕಾಗುಣಿತ ತಪ್ಪಿದಾಗಲೆಲ್ಲ ಅವನಿಗೆ ಬೀಳುತ್ತಿದ್ದ ಬೈಗುಳ.

"ಮಲ್ಲೂ," ಎಂದೆ, "ನಿನ್ನ ಎದಿ ಸೀಳಿದ್ರ ಎರಡು ಅಕ್ಷರ ಸಿಗೂದಿಲ್ಲ ಅಂತಿದ್ನೆಲ್ಲ?" ಮುಂದಿನದು ಹೊರಡದೆ ಅವನ ಎದೆಯ ಮೇಲಿನ ಹಸಿರು ಬಟ್ಟೆ ಸರಿಮಾಡಿದೆ. "ಇವತ್ತು ಡಾಕ್ಟರು ಖರೇನ ಸೀಳಾಕತ್ಯಾರ. ಸಿಕ್ರ ತಗದಿಡ್ರಿ ಅಂತ ಹೇಳೇನಿ."

ಅವನು ನನ್ನನ್ನೇ ನೋಡಿದ. ಆಮೇಲೆ ಸ್ಟ್ರೆಚರು ಅಲ್ಲಾಡುವ ಹಾಗೆ ನಕ್ಕ. "ಪೇಷಂಟನ್ನ ನಗಸಬ್ಯಾಡ್ರಿ ಅಜ್ಜಿ!" ಎಂದು ನರ್ಸು ನನ್ನನ್ನು ಗದರಿಸಿದಳು. ನನ್ನ ಜೀವಮಾನದಲ್ಲಿ ಆ ತಪ್ಪಿಗೆ ಬೈಸಿಕೊಂಡದ್ದು ಅದೊಂದೇ ಸಲ. ನಗುತ್ತಲೇ ಅವನು ಒಳಗೆ ಹೋದ, ಬಾಗಿಲು ಮುಚ್ಚಿತು.

ಆಮೇಲಿನ ಹೊತ್ತು ಹೇಗೆ ಕಳೆಯಿತೆಂದು ಕೇಳಬೇಡಿ. ಸುವರ್ಣಾ ವಿಭೂತಿ ಹಚ್ಚಿಕೊಂಡಳು, ರಫೀಕ್ ದುವಾ ಮಾಡಿದ, ನಾನು ಇಬ್ಬರನ್ನೂ ಸರಿಯಾಗಿ ಕೂರಿರೆಂದು ಗದರಿದೆ. ಕೊನೆಗೆ ಡಾಕ್ಟರು ಹೊರಗೆ ಬಂದರು. ಮುಖದ ಬಟ್ಟೆ ಇಳಿಸಿ, "ಟೀಚರ್, ವಾಲ್ವು ಛಲೋ ಕೂತದ್ರಿ. ಹೃದಯ ಚೆಂದ ಬಡಿಯಾಕತ್ತದ" ಎಂದರು. ನಾಲ್ಕು ಹೆಜ್ಜೆ ಹೋದವರು ತಿರುಗಿ, "ಅಕ್ಷರ ಮಾತ್ರ ಸಿಗಲಿಲ್ರಿ. ಹುಡುಕಿ ನೋಡಿದ್ವಿ" ಎಂದರು. ಮಲ್ಲು ಒಳಗೆ ಹೋಗಿ ಅದನ್ನೂ ಹೇಳಿಬಿಟ್ಟಿದ್ದ! ನಾನು ನಿಂತಲ್ಲೇ ಕುಸಿದು ಕೂತು ನಗತೊಡಗಿದೆ. ಕಣ್ಣಿಂದ ನೀರು ಸುರಿಯುತ್ತಿತ್ತು, ನಗು ನಿಲ್ಲಲೊಲ್ಲದು. ಸುವರ್ಣಾ ಹೆದರಿ ನನಗೂ ಯಾರನ್ನಾದರೂ ಕರೆಯಬೇಕೇನೋ ಎಂದು ನೋಡುತ್ತಿದ್ದಳು.

ಈಗ ಮಲ್ಲು ಚೇತರಿಸಿಕೊಳ್ಳಲು ಕಮಲಾಪುರಕ್ಕೆ ಬಂದಿದ್ದಾನೆ. ನೋಡಲು ಬಂದವರಿಗೆಲ್ಲ ಅದೇ ಕಥೆ. ದಿನಕ್ಕೊಂದು ಸುಳ್ಳು ಸೇರುತ್ತದೆ. ಡಾಕ್ಟರ ಕೈಯಿಂದ ಕತ್ತರಿ ಬಿತ್ತಂತೆ, ನರ್ಸು ಗೋಡೆ ಹಿಡಿದು ನಕ್ಕಳಂತೆ. ಓಣಿಯವರು ನನ್ನನ್ನು ಕಂಡರೆ ಮುಸಿಮುಸಿ ನಗುತ್ತಾರೆ. ಇಷ್ಟು ವರ್ಷ ಗಳಿಸಿದ ಮರ್ಯಾದೆ ಹೋಯಿತು. ನಿನ್ನೆ ಶರಣಪ್ಪ ಕಾಕಾ ಬಂದಾಗ ಮತ್ತೆ ಶುರು ಮಾಡಿದ. ನಾನು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತ ಹಲ್ಲು ಕಚ್ಚಿಕೊಂಡು ಕೇಳುತ್ತಿದ್ದೆ. ಎಷ್ಟೂಂತ ಸಹಿಸುವುದು? ಹಿಟ್ಟಿನ ಕೈಯಲ್ಲೇ ಹೊರಗೆ ಬಂದೆ.

"ಏ, ನಿಲ್ಲೋ. ಎರಡು ಅಕ್ಷರ ಸಿಗೂದಿಲ್ಲ ಅಂದಮ್ಯಾಲ ಸ್ವಲ್ಪ ತಡೀಬೇಕು. ಹಂಗ ಓಡಿಸ್ಕೋತ ಹೋದ್ರ ಯಾರು ನಗ್ತಾರ? ಸರಿ ಅತ್ತಾಗ, ನಾನ ಹೇಳ್ತೀನಿ."