ಮೂವತ್ತು ವರ್ಷದ ಹೊಸ ಕೋಣೆ

ಇಟ್ಟಿಗೆಗೆ ಇನ್ನೂರು ಪ್ಯಾಂಟು, ಸಿಮೆಂಟಿಗೆ ನೂರನಲವತ್ತು, ಕಿಟಕಿ ಬಾಗಿಲಿಗೆ ತೊಂಬತ್ತು ಅಂಗಿ. ದರ್ಜಿಯ ಲೆಕ್ಕವೇ ಹಾಗೆ. ಎರಡು ವರ್ಷ ಬೆನ್ನು ಬಗ್ಗಿಸಿ ಹೊಲಿದ ಮೇಲೆ ಕಡಲಿಗೆ ಮುಖ ಮಾಡಿದ ಅಂಗಡಿಕೋಣೆಯೊಂದು ಎದ್ದಿತ್ತು. ಹೊಲಿಗೆ ಯಂತ್ರ ಅಲ್ಲಿಗೆ ಬಂದು ಸರಿಯಾಗಿ ಒಂದು ತಿಂಗಳು.

ಬೆಳಿಗ್ಗೆ ಎಂಟಕ್ಕೆ ಪಕ್ಕದ ಮನೆಯ ನಿವೃತ್ತ ಗುಮಾಸ್ತರು ಪೇಪರ್ ಹಿಡಿದು ಓಡಿ ಬಂದರು. ಅವರ ಉದ್ದ ಕಾಲು ನೋಡಿ ಬೀದಿಯವರು ಬೆನ್ನ ಹಿಂದೆ ಕೊಕ್ಕರೆ ಎನ್ನುತ್ತಿದ್ದರು.

"ಕೆಟ್ಟೆ ಕಣಯ್ಯಾ! ಉಬ್ಬರದ ಗೆರೆಯಿಂದ ನೂರು ಮೀಟರ್ ಒಳಗೆ ಏನೂ ಕಟ್ಟೋ ಹಾಗಿಲ್ಲ. ಇಪ್ಪತ್ತು ವರ್ಷದ ಹಿಂದಿನ ಕಾನೂನು. ಅಳೆಯೋಕೆ ಇವತ್ತು ಸಂಜೆ ಸರ್ಕಾರಿ ಆಫೀಸಿನ ಮೇಡಂ ಬರ್ತಾರಂತೆ."

"ನಂದು ಎಷ್ಟು ದೂರ ಇದೆ ಸಾರ್?"

ಗುಮಾಸ್ತರು ಉಬ್ಬರದ ಗೆರೆಯಿಂದ ದಾಪುಗಾಲು ಹಾಕುತ್ತ ಬಂದರು. "ತೊಂಬತ್ತೇ ಹೆಜ್ಜೆ! ಹೆಜ್ಜೆಗೊಂದು ಮೀಟರ್. ಮುಗೀತು ಕಥೆ."

ದರ್ಜಿ ನೂಲು ಕಿತ್ತ ಗುಂಡಿಯಂತೆ ಹೊಸ್ತಿಲ ಮೇಲೆ ಉದುರಿದ.

"ಅಳಬೇಡವೋ. ಕಾನೂನಿಗಿಂತ ಮೊದಲೇ ಇದ್ದದ್ದನ್ನ ಮುಟ್ಟಲ್ಲ. ಸಂಜೆಯೊಳಗೆ ನಿನ್ನ ಕೋಣೆಗೆ ಮೂವತ್ತು ವರ್ಷ ಆಗಿಬಿಡ್ಬೇಕು, ಅಷ್ಟೇ."

"ಒಂದೇ ದಿನದಲ್ಲಿ ಮೂವತ್ತು ವರ್ಷ ಹೇಗ್ರೀ ಆಗುತ್ತೆ?" ಎಂದಳು ಹೆಂಡತಿ.

"ನಿನ್ನ ಗಂಡನ ಮನೆಗೆ ಬಂದ ಮೂರೇ ದಿನಕ್ಕೆ ನನಗಾಯ್ತಲ್ಲ," ಎಂದರು ಮಗಳ ಮನೆಗೆ ಬಂದಿದ್ದ ದರ್ಜಿಯ ಅತ್ತೆ, ಸೆರಗು ಬಿಗಿದು.

ಕೆಲಸ ಶುರುವಾಯಿತು. ಹೆಂಡತಿ ಚಹಾದ ಕಷಾಯವನ್ನು ಬಿಳಿ ಗೋಡೆಗೆ ಎರಚಿದಳು. ಅತ್ತೆ ಮಸಿ ಬಟ್ಟೆಯಿಂದ ಸೂರನ್ನು ಉಜ್ಜಿದರು. ಗುಮಾಸ್ತರು ಕಿಟಕಿಯ ಒಂದು ಕೀಲು ಕಿತ್ತು, "ಇದು ಮಳೆಗಾಲ ಮಾಡಿದ್ದು," ಎಂದು ಅದನ್ನು ಜೋಲುಬಿಟ್ಟರು. ಪ್ರತಿ ಸುತ್ತಿಗೆ ಪೆಟ್ಟಿಗೂ ದರ್ಜಿ ಎದೆ ಹಿಡಿದುಕೊಂಡ. ಎದುರು ಮನೆಯ ಬೋರ್ಡು ಬರೆಯುವವನು ಸಣ್ಣ ಕುಂಚ ತಂದು, ಸೂರಿನಿಂದ ನೆಲದವರೆಗೆ ಗೋಡೆಯ ಮೇಲೆ ಒಂದು ಬಿರುಕು ಬರೆದ. ಅದೆಂಥ ಬಿರುಕು! ಒಂದು ಇರುವೆ ಒಳಗೆ ಹೋಗಲು ನೋಡಿ ಮೂತಿ ಗುದ್ದಿಕೊಂಡಿತು.

ಸಂಜೆ ಮೇಡಂ ಬಂದರು. ಅವರು ಟೇಪು ಬಿಚ್ಚುವ ಮೊದಲೇ ಗುಮಾಸ್ತರು ಬರೆದಿಟ್ಟ ಹೇಳಿಕೆ ಚಾಚಿದರು: ಈ ಕೋಣೆ ಮೂವತ್ತು ವರ್ಷದಿಂದ ಇಲ್ಲೇ ಇದೆ. ಕೆಳಗೆ ಐವರದೂ ಸಹಿ.

"ನಿಮಗೀಗ ವಯಸ್ಸೆಷ್ಟು?" ಮೇಡಂ ದರ್ಜಿಯನ್ನು ಕೇಳಿದರು.

"ಮೂವತ್ನಾಲ್ಕು."

"ನಾಲ್ಕು ವರ್ಷಕ್ಕೇ ಅಂಗಡಿ ಇಟ್ರಾ?"

"ಅವರಪ್ಪಂದು ಮೇಡಂ!" ನಾಲ್ಕು ಬಾಯಿ ಒಟ್ಟಿಗೆ ಕೂಗಿದವು.

ಮೇಡಂ ಕಾಗದವನ್ನು ಫೈಲಿಗೆ ಸೇರಿಸಿ ಟೇಪು ಹಿಡಿಸಿದರು. "ಆ ಮರಳುದಿಬ್ಬ ತುಳೀಬೇಡಿ. ಅದಿದ್ರೇನೇ ಅಲೆ ನಿಮ್ಮ ಮನೆಗೆ ನುಗ್ಗಲ್ಲ. ಈ ಕಾನೂನು ಇರೋದೇ ಅದನ್ನ ಉಳಿಸೋಕೆ." ಆಮೇಲೆ ಟೇಪು ಓದಿ ನಕ್ಕರು. "ನೂರೆಂಟು ಮೀಟರ್! ನೀವು ನೂರರ ಗಡಿಯಿಂದ ಆಚೆ ಇದೀರಿ. ನಿನ್ನೆ ಕಟ್ಟಿದ್ರೂ ನಾನು ಬೇಡ ಅಂತಿರ್ಲಿಲ್ಲ."

ಎಲ್ಲರೂ ಗುಮಾಸ್ತರ ಕಾಲು ನೋಡಿದರು. ಗುಮಾಸ್ತರು ಕಡಲು ನೋಡಿದರು.

ದರ್ಜಿ ಕುಣಿಯುವುದೊಂದು ಬಾಕಿ. ಅಷ್ಟರಲ್ಲಿ ಮೇಡಂ ಗೋಡೆಯ ಕಡೆ ತಿರುಗಿ ಎರಡು ಹೆಜ್ಜೆ ಹಿಂದೆ ಸರಿದರು.

"ಅಯ್ಯೋ, ಇದೇನ್ರೀ ಬಿರುಕು! ಸೂರು ಕಪ್ಪಾಗಿದೆ, ಕಿಟಕಿ ಜೋತಿದೆ. ಗಿರಾಕಿ ತಲೆ ಮೇಲೆ ಬಿದ್ರೆ? ಶಿಥಿಲ ಕಟ್ಟಡ. ವಾರದೊಳಗೆ ಕೆಡವಿಬಿಡಿ," ಎಂದು ನೋಟಿಸು ಬರೆಯತೊಡಗಿದರು.

"ಮೇಡಂ, ಅದು ಬಣ್ಣ! ಒದ್ದೆ ಬಟ್ಟೆ ತಂದು ಒರೆಸ್ತೀನಿ!" ಎಂದ ದರ್ಜಿ.

"ಅಂದ್ರೆ ಈ ಹೇಳಿಕೆ ಸುಳ್ಳಾ?" ಮೇಡಂ ಫೈಲು ತೆರೆದರು. "ಸಹಿ ಹಾಕಿದ ಐದೂ ಜನರ ಮೇಲೆ ಕೇಸಾಗುತ್ತೆ."

ದರ್ಜಿ ತಿರುಗಿ ನೋಡಿದ. ಹೆಂಡತಿಯ ಕೈಯಲ್ಲಿ ಚಹಾದ ಕಲೆ, ಅತ್ತೆಯ ಮೂಗಿನ ಮೇಲೆ ಮಸಿ. ಬೋರ್ಡು ಬರೆಯುವವನು ಕುಂಚವನ್ನು ಬೆನ್ನ ಹಿಂದೆ ಬಚ್ಚಿಟ್ಟಿದ್ದ. ಗುಮಾಸ್ತರು ಪಂಚೆ ಇಳಿಬಿಟ್ಟು ಉದ್ದ ಕಾಲು ಮುಚ್ಚಿಕೊಳ್ಳುತ್ತಿದ್ದರು. ದರ್ಜಿಗೆ ನಗು ಉಕ್ಕಿ ಬಂತು.

"ಇಲ್ಲ ಮೇಡಂ, ಮೂವತ್ತು ವರ್ಷದ್ದೇ. ನಮ್ಮಪ್ಪನ ನೆನಪು, ಅದಕ್ಕೇ ಕೆಡವೋಕೆ ಮನಸ್ಸು ಬರ್ತಿಲ್ಲ."

"ಬೇಜಾರಾಗ್ಬೇಡಿ. ಕೆಡವಿದ ಮೇಲೆ ಅರ್ಜಿ ಕೊಡಿ. ಇಲ್ಲೇ ಹೊಸದು ಕಟ್ಟೋಕೆ ನಾನೇ ಒಪ್ಪಿಗೆ ಕೊಡ್ತೀನಿ."

ವಾರ ಕಳೆಯುವುದರೊಳಗೆ ಐವರೂ ಸೇರಿ, ನಗುತ್ತ ಬೈದಾಡುತ್ತ ಕೋಣೆ ಕೆಡವಿದರು. ಹೋದದ್ದು, ಒಂದು ತಿಂಗಳ ಹೊಸ ಕೋಣೆ. ಬಂದದ್ದು, ಅದೇ ಜಾಗದಲ್ಲಿ ಅಂಥದೇ ಕೋಣೆ ಕಟ್ಟಲು ಅನುಮತಿ.