ಫೋಟೋದಲ್ಲಿ ಹಕ್ಕಿ ಎಲ್ಲಿದೆ?

ನಾನು ಯಾರ ಕೈಗೆ ಹಕ್ಕಿಯ ಫೋಟೋ ಕೊಟ್ಟರೂ ಅವರು ಅದರಲ್ಲಿ ಹಕ್ಕಿಯೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ನೋಡುತ್ತಿದ್ದರು. ಒಂದು ಸಲ ಆಗಿದ್ದರೆ ಸುಮ್ಮನಿರಬಹುದಿತ್ತು. ಎಪ್ಪತ್ತರ ದಶಕ ಪೂರ್ತಿ ಹೀಗೇ ಆಯಿತು, ಎಂಬತ್ತಕ್ಕೆ ಕಾಲಿಟ್ಟರೂ ನಿಲ್ಲಲಿಲ್ಲ.

ಆಗ ನನಗೆ ಮನೆ ತುಮಕೂರಿನಲ್ಲಿ, ಗುಮಾಸ್ತನ ಕೆಲಸ ಗುಬ್ಬಿಯಲ್ಲಿ. ಹಕ್ಕಿ ಹುಚ್ಚಿನವನಿಗೆ ಹುಡುಕಿ ಹುಡುಕಿ ಗುಬ್ಬಿಗೇ ಪೋಸ್ಟಿಂಗ್ ಕೊಟ್ಟಿದ್ದಾರೆ ಅಂತ ನಮ್ಮ ಬೀದಿಯವರು ಆಡಿಕೊಂಡು ನಗುತ್ತಿದ್ದರು. ನಗಲಿ ಬಿಡಿ. ಭಾನುವಾರ ಬಂತು ಅಂದರೆ ಕ್ಯಾಮೆರಾ ಹೆಗಲಿಗೆ, ಬುತ್ತಿ ಚೀಲಕ್ಕೆ, ನಾನು ಬಸ್ ಸ್ಟ್ಯಾಂಡಿಗೆ. ಹೆಬ್ಬೂರೋ ಚೇಳೂರೋ ಹುತ್ರಿದುರ್ಗವೋ, ಯಾವ ಬಸ್ಸು ಮೊದಲು ಹೊರಡುತ್ತದೋ ಅದು. ಕೆರೆ ಏರಿ, ಹೊಲದ ಬದು ಎಲ್ಲ ಸುತ್ತಿ ಫೋಟೋ ತೆಗೆಯುವುದು, ಮಿಕ್ಕ ದಿನ ಸಿಕ್ಕಸಿಕ್ಕವರಿಗೆಲ್ಲ ತೋರಿಸುವುದು.

ನನ್ನ ಹೆಂಡತಿಗೆ ಒಬ್ಬ ತಮ್ಮ. ಅವನಿಗೆ ಮದುವೆ ಮನೆಗಳಲ್ಲಿ ಫೋಟೋ ತೆಗೆಯುವ ಆಸೆ, ಕ್ಯಾಮೆರಾ ಮಾತ್ರ ಇಲ್ಲ. ಒಂದು ಸಂಕ್ರಾಂತಿಯ ದಿನ ಅವಳು ತೀರ್ಪು ಕೊಟ್ಟೇಬಿಟ್ಟಳು.

"ನೋಡ್ರೀ, ಯುಗಾದಿವರೆಗೂ ಟೈಮು. ನೀವು ಬಾಯ್ಬಿಟ್ಟು ಹೇಳ್ದೆ, ಒಬ್ರಾದ್ರೂ ನಿಮ್ಮ ಫೋಟೋದಲ್ಲಿ ಹಕ್ಕಿ ನೋಡ್ಲಿ. ಇಲ್ದಿದ್ರೆ ಕ್ಯಾಮೆರಾ ನಮ್ ತಮ್ಮಂಗೆ. ಅವನಾದ್ರೂ ಮನುಷ್ಯರ ಫೋಟೋ ತೆಗೀತಾನೆ."

ಕ್ಯಾಮೆರಾ ಹೋದರೆ ನನಗೆ ಭಾನುವಾರವೇ ಇಲ್ಲ.

ಹೊಡೆದದ್ದು

ನಮ್ಮ ಕಡೆ ಫೋಟೋ ತೆಗೆಯುವುದೂ ಉಂಟು, ಹೊಡೆಯುವುದೂ ಉಂಟು. ಒಂದು ಸೋಮವಾರ ಕಚೇರಿಗೆ ಹೋದವನೇ ಖುಷಿ ತಡೆಯಲಾರದೆ ಹೆಡ್ ಕ್ಲಾರ್ಕಿಗೆ, "ನಿನ್ನೆ ಹೆಬ್ಬೂರು ಕೆರೇಲಿ ಎರಡು ಬೆಳ್ಳಕ್ಕಿ ಹೊಡೆದೆ ಸಾರ್!" ಅಂದೆ.

ಅವರು ಈರುಳ್ಳಿಯನ್ನೂ ಮುಟ್ಟದ ಮನುಷ್ಯ. ಕುರ್ಚಿಯನ್ನು ಹಿಂದಕ್ಕೆ ಎಳೆದುಕೊಂಡರು.

"ನಿಮ್ಮನ್ನ ನೋಡಿದ್ರೆ ಹಂಗೆ ಕಾಣಲ್ವಲ್ರೀ. ಮನೇಲಿ ಗೊತ್ತಾ?"

"ಗೊತ್ತು ಸಾರ್. ಅವಳಿಗೆ ಸಾಕಾಗಿಹೋಗಿದೆ, ಬಿಟ್ಬಿಡಿ ಅಂತಾಳೆ."

"ಪಾಪ! ಹೊಡೆದದ್ದನ್ನ ಏನ್ ಮಾಡ್ತೀರಿ?"

"ತೊಳೆಸೋಕೆ ಕೊಡ್ತೀನಿ ಸಾರ್. ಚೆನ್ನಾಗಿ ಬಂದ್ರೆ ನಿಮಗೂ ತರ್ತೀನಿ."

"ಶಿವ ಶಿವಾ!" ಅಂದವರು ಆ ವಾರವೆಲ್ಲ ನನ್ನ ಊಟದ ಡಬ್ಬಿ ಇದ್ದ ಕಡೆ ತಿರುಗಿಯೂ ನೋಡಲಿಲ್ಲ.

ಶನಿವಾರ ರೀಲು ತೊಳೆದು ಬಂತು. ಫೋಟೋಗಳನ್ನು ಅವರ ಮೇಜಿನ ಮೇಲೆ ಹರಡಿದೆ. "ಅಯ್ಯೋ, ಇದಾ!" ಅಂತ ಅವರಿಗೆ ಹೋದ ಜೀವ ಬಂದ ಹಾಗಾಯಿತು. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

"ಪರವಾಗಿಲ್ವೇ, ಕೆರೇಲಿ ನೀರು ಚೆನ್ನಾಗಿದೆ" ಅಂದರು.

ಅವರ ಭುಜದ ಮೇಲಿಂದ ಬಗ್ಗಿ ನೋಡಿದ ನಮ್ಮ ಜವಾನನ ಮುಖ ಮಾತ್ರ ಇಳಿದುಹೋಯಿತು.

"ಇಷ್ಟೇನಾ ಸಾರ್? ನಾನು ಮನೇಲಿ ಮಸಾಲೆ ಅರೆಸಿಟ್ಬಂದಿದ್ದೆ."

ಧೂಳು

ಹುತ್ರಿದುರ್ಗದ ಬೆಟ್ಟ ಹತ್ತಿ, ಬಿಸಿಲಲ್ಲಿ ಬೆಂದು ಒಂದು ಹದ್ದಿನ ಫೋಟೋ ತೆಗೆದಿದ್ದೆ. ದೂರದ್ದನ್ನು ಹತ್ತಿರಕ್ಕೆ ತರುವ ಲೆನ್ಸು ನನ್ನ ಹತ್ತಿರ ಎಲ್ಲಿಂದ ಬರಬೇಕು? ಇಷ್ಟಗಲ ಆಕಾಶದಲ್ಲಿ ಹದ್ದು ಸಾಸಿವೆ ಕಾಳಿನಷ್ಟು ಬಿದ್ದಿತ್ತು. ಆದರೂ ಅದು ನನ್ನ ಹದ್ದು.

ಪಕ್ಕದ ಮನೆಯ ರಿಟೈರಾದ ಮೇಷ್ಟ್ರು ಕಾಫಿಗೆ ಬಂದಾಗ ಏನೂ ಹೇಳದೆ ಫೋಟೋ ಕೊಟ್ಟೆ. ಹೆಂಡತಿ ಬಾಗಿಲಲ್ಲೇ ನಿಂತಳು. ಮೇಷ್ಟ್ರು ಬೆಟ್ಟ ನೋಡಿದರು, ಬಂಡೆ ನೋಡಿದರು. ಆಮೇಲೆ ಫೋಟೋವನ್ನು ಕಣ್ಣಿಗೆ ಹತ್ತಿರ ಹಿಡಿದು, "ಇಲ್ಲೇನೋ ಕೂತಿದೆಯಲ್ರೀ" ಅಂದರು.

ಗೆದ್ದೆ ಅನ್ನುವ ಹಾಗೆ ಹೆಂಡತಿಯ ಮುಖ ನೋಡಿದೆ. ಅದೇ ತಪ್ಪಾಯಿತು. ಈ ಕಡೆ ತಿರುಗುವಷ್ಟರಲ್ಲಿ ಮೇಷ್ಟ್ರು ಉಗುರಿನಿಂದ ಕರಕರ ಕೆರೆದು, ಪಂಚೆಯ ತುದಿಯಿಂದ ಒರೆಸಿ, ಫೋಟೋ ನನ್ನ ಕೈಗಿಟ್ಟರು.

"ಧೂಳು ಕಣ್ರೀ. ಈಗ ನೋಡಿ, ಆಕಾಶ ಎಷ್ಟು ಕ್ಲೀನಾಯ್ತು!"

ಕಲ್ಲು

ಯುಗಾದಿಗೆ ಇನ್ನೊಂದು ವಾರವಿದೆ ಅನ್ನುವಾಗ ಚೇಳೂರಿನ ಕಡೆಯ ಒಬ್ಬ ರೈತ ನಮ್ಮ ಮನೆ ಹುಡುಕಿಕೊಂಡು ಬಂದ. ಹಿಂದಿನ ಭಾನುವಾರ ಅವರೂರಿನ ಟೀ ಅಂಗಡಿಯಲ್ಲಿ ನಾನು ಒಂದು ಫೋಟೋ ತೋರಿಸಿದ್ದೆ. ಎರಡು ಹೊಲಗಳ ನಡುವೆ, ಹೊಂಗೆ ಮರದ ಬುಡದಲ್ಲಿ, ಗಡಿಗೆ ಅಂತ ನೆಟ್ಟ ಬಾಂದುಕಲ್ಲು, ಅದರ ಮೇಲೆ ಹಾಡಹಗಲೇ ಕೂತ ಒಂದು ಗೂಬೆ. ಗೂಬೆ ಅಂತ ನನಗೊಬ್ಬನಿಗೇ ಗೊತ್ತು, ಯಾಕೆಂದರೆ ಅದೂ ಅಷ್ಟೇ ಚಿಕ್ಕದಾಗಿ ಬಿದ್ದಿತ್ತು.

"ಸ್ವಾಮಿ, ಆ ಫೋಟ ನಂಗ್ ಬೇಕು. ಎಷ್ಟ್ ದೊಡ್ಡದಾಯ್ತದೋ ಅಷ್ಟ್ ದೊಡ್ಡದು ಮಾಡ್ಸ್ಕೊಡಿ" ಅಂದ.

ನಾನು ಕುಣಿಯುವುದೊಂದು ಬಾಕಿ. "ಏನೇ, ಕೇಳಿಸ್ತೇನೇ?" ಅಂತ ಕೂಗಿದೆ.

ಹೆಂಡತಿ ಒಳಗಿಂದ ಬಂದು ತಣ್ಣಗೆ ಕೇಳಿದಳು. "ಯಾಕಪ್ಪಾ ಬೇಕು?"

"ಅದು ನಮ್ ಬಾಂದುಕಲ್ಲು ಕಣವ್ವಾ. ಪಕ್ಕದ ಹೊಲದವ್ನು ಕಿತ್ತು ನನ್ ಕಡೀಕ್ ನೆಟ್ಟವ್ನೆ. ಮೊದ್ಲು ಹೊಂಗೆ ಮರದ ಬುಡದಾಗೇ ಇತ್ತು ಅನ್ನಾಕೆ ಈ ಫೋಟಾನೇ ಸಾಕ್ಷಿ." ಆಮೇಲೆ ನನ್ನ ಕಡೆ ತಿರುಗಿ, "ಅದ್ಯಾವ್ದೋ ಕೋಳಿ ಅಡ್ಡ ಕೂತದೆ ಸ್ವಾಮಿ. ಅದನ್ನ ತೆಗ್ದು ಬರೀ ಕಲ್ಲು ಕೊಡಾಕಾಯ್ತದಾ?" ಅಂದ.

"ಕೋಳಿ ಲೆಕ್ಕಕ್ಕಿಲ್ಲ ಕಣ್ರೀ" ಅಂತ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ನನಗೆ ಮೈಯೆಲ್ಲ ಉರಿದುಹೋಯಿತು. ಕೋಳಿಯಂತೆ ಕೋಳಿ! ಅದೇ ಹಟದಲ್ಲಿ ಸ್ಟುಡಿಯೋಗೆ ಹೋಗಿ ಕ್ಯಾಲೆಂಡರಿನಷ್ಟು ದೊಡ್ಡದು ಮಾಡಿಸಿದೆ. ಗೂಬೆ ಕಣ್ಣನ್ನು ಕಾಸಗಲ ಬಿಟ್ಟುಕೊಂಡು ಎದುರಿಗೇ ದುರುಗುಟ್ಟಿ ನೋಡುತ್ತಿತ್ತು.

ಯುಗಾದಿಯ ಹಿಂದಿನ ದಿನ ಅವರೂರಲ್ಲಿ ಪಂಚಾಯ್ತಿ. ಮಜಾ ನೋಡಲು ಹೆಂಡತಿಯೂ ಬಂದಳು. ಕಟ್ಟೆಯ ಮೇಲೆ ಊರಿನ ಯಜಮಾನರು, ಸುತ್ತ ಜನ. ಪಕ್ಕದ ಹೊಲದವನು ಟವೆಲ್ ಕೊಡವಿ ಕೂಗಾಡುತ್ತಿದ್ದ.

"ಕಲ್ಲು ಯಾವತ್ತೂ ಈಗಿರೋ ತಾವೇ ಇತ್ತು ಯಜಮಾನ್ರೇ, ನಾನ್ ಮುಟ್ಟೇ ಇಲ್ಲ! ಸುಮ್ಸುಮ್ನೆ ನನ್ ತಲೆ ಮ್ಯಾಲೆ ಗೂಬೆ ಕೂರಿಸ್ತಾವ್ನೆ!"

ಸರಿಯಾಗಿ ಅದೇ ಹೊತ್ತಿಗೆ ನಾನು ಸುರುಳಿ ಬಿಚ್ಚಿ ಫೋಟೋ ಹಿಡಿದೆ.

ಎಲ್ಲರೂ ಬಗ್ಗಿ ನೋಡಿದರು.

"ಅಯ್ಯಯ್ಯಪ್ಪೋ! ಗೂಬೆ!" ಫೋಟೋ ಬೇಕು ಅಂತ ಬಂದಿದ್ದವನೇ ಮೊದಲು ಹಿಂದಕ್ಕೆ ಸರಿದ. "ಹಗಲೊತ್ನಾಗೆ ಗೂಬೆ ಕೂತಿರೋ ಕಲ್ಲಾ? ಅದು ನಮ್ದಲ್ಲ ಬುಡಿ."

"ಏನ್ಲಾ, ಇಷ್ಟ್ ದಿನ ನಂದು ನಂದು ಅಂತಿದ್ದೋನು ಈಗ ನನ್ ಕಡೀಕ್ ತಳ್ತೀಯಾ?" ಅಂತ ಇನ್ನೊಬ್ಬ. "ನಂಗೂ ಬ್ಯಾಡ. ಕಲ್ಲೂ ಬ್ಯಾಡ, ಆ ತುಂಡು ಜಾಗಾನೂ ಬ್ಯಾಡ!"

"ಇಬ್ರಿಗೂ ಬ್ಯಾಡ ಅಂದ್ಮೇಲೆ ದಾರಿಗೆ ಬುಡಿ, ಗಾಡಿ ಓಡಾಡ್ಲಿ" ಅಂದರು ಯಜಮಾನರು. ವ್ಯಾಜ್ಯ ಮುಗಿಯಿತು. ಆದರೆ ಅವರು ಸುಮ್ಮನಿರದೆ, "ಅಲ್ಲಾ, ಆ ಗೂಬೆ ಅಲ್ಲಿಗ್ಯಾಕ್ ಬಂತು?" ಅಂದುಬಿಟ್ಟರು.

ಇಬ್ಬರು ವೈರಿಗಳೂ ಒಟ್ಟಿಗೇ ನನ್ನ ಕಡೆ ತಿರುಗಿದರು.

"ಇನ್ಯಾಕೆ? ಫೋಟ ಹೊಡ್ಯಾಕೆ ಅಂತ ಈವಯ್ಯನೇ ತಂದು ಕೂರ್ಸಿರ್ಬೇಕು!"

ಬಹಳ ಕಾಲದಿಂದ ಮುಖ ನೋಡದಿದ್ದವರು ನನ್ನನ್ನು ಬೈದುಕೊಳ್ಳುತ್ತಾ ಜೊತೆಯಾಗಿ ಟೀ ಕುಡಿಯಲು ಹೋದರು.

ನನಗೆ ಕೋಪ ಬರಬೇಕಿತ್ತು. ಬರಲಿಲ್ಲ. ಅಷ್ಟು ಜನ, ಕಲ್ಲು ಬಿಟ್ಟು, ಹೊಂಗೆ ಮರ ಬಿಟ್ಟು, ನಾನು ಒಂದು ಮಾತೂ ಹೇಳದೆ ಹಕ್ಕಿಯನ್ನೇ ನೋಡಿದ್ದರು! ವಾಪಸ್ಸು ಬರುವಾಗ ಬಸ್ಸಿನಲ್ಲಿ ಹೆಂಡತಿಯನ್ನು ಕೇಳಿದೆ.

"ಈಗೇನಂತೀಯಾ?"

"ಮಾತು ಅಂದ್ರೆ ಮಾತು. ಕ್ಯಾಮೆರಾ ನಿಮ್ಮದೇ" ಅಂದಳು. ನನಗೆ ಕಣ್ಣು ತುಂಬಿ ಬಂತು. ಆಮೇಲೆ ನೆನಪಾಯಿತು.

"ನಾಳೆ ಹಬ್ಬಕ್ಕೆ ನಿನ್ನ ತಮ್ಮ ಕ್ಯಾಮೆರಾ ಸಿಗುತ್ತೆ ಅಂತ ಬರ್ತಾನಲ್ಲೇ. ಕ್ಯಾಮೆರಾ ಕೊಡಬೇಡಿ ಅಂದಿದ್ದು ಯಾರು ಅಂತ ಕೇಳಿದ್ರೆ ಯಾರ ಹೆಸರು ಹೇಳ್ಲಿ?"

ಅವಳು ನನ್ನ ತೊಡೆಯ ಮೇಲಿದ್ದ ಫೋಟೋ ಸುರುಳಿಯನ್ನು ತಟ್ಟಿದಳು.

"ಅದಕ್ಕ್ಯಾಕ್ರೀ ಯೋಚ್ನೆ? ಗೂಬೆ ನಿಮ್ಮ ಹತ್ರಾನೇ ಇದೆ. ಯಾರ ತಲೆ ಮೇಲಾದ್ರೂ ಕೂರ್ಸಿ."